ತೋಜೊ ಜಪಾನಿನ ಹಿಟ್ಲರ್ ಅಲ್ಲ: ವಿಶ್ವ ಇತಿಹಾಸದ ಪಾಠ ಬರೆಯುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ವಿಶ್ವ ಇತಿಹಾಸದ ಪಠ್ಯ, ಗೈಡು, ನೋಟ್ಸು ಬರೆಯುವವರಿಗೂ ಅದರ ಮೇಲೆ ಪ್ರಶ್ನೆಪತ್ರಿಕೆ ತೆಗೆಯುವವರಿಗೂ ಸೇರಿಸಿಯೇ ಈ ಪತ್ರ. ಎರಡನೆಯ ಮಹಾಯುದ್ಧದ ಪಾಠ ಕನ್ನಡದಲ್ಲಿ ಸಾಮಾನ್ಯವಾಗಿ ಮೂರು ಫೋಟೊಗಳಿಂದ ಶುರುವಾಗುತ್ತದೆ: ಜರ್ಮನಿಗೆ ಹಿಟ್ಲರ್, ಇಟಲಿಗೆ ಮುಸೊಲಿನಿ, ಜಪಾನಿಗೆ ತೋಜೊ. ಕಂಠಪಾಠಕ್ಕೆ ಸಲೀಸು. ಮೊದಲಿನ ಎರಡರ ಬಗ್ಗೆ ನಮ್ಮ ತಕರಾರಿಲ್ಲ. ಮೂರನೆಯ ಫೋಟೊ ಮಾತ್ರ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತಿದೆ.

ತೋಜೊ ಹಿದೆಕಿ ಪ್ರಧಾನಿಯಾದದ್ದು 1941ರ ಅಕ್ಟೋಬರ್ 18ರಂದು. ಪರ್ಲ್ ಹಾರ್ಬರ್ ದಾಳಿಗೆ ಆಗ ಉಳಿದಿದ್ದದ್ದು 51 ದಿನ. ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾ ಕೈವಶವಾಗಿ ಹತ್ತು ವರ್ಷ, ಚೀನಾದೊಂದಿಗೆ ಪೂರ್ಣ ಯುದ್ಧ ಶುರುವಾಗಿ ನಾಲ್ಕು ವರ್ಷ ಕಳೆದಿತ್ತು. ತೋಜೊ ಯಾವ ಪಕ್ಷವನ್ನೂ ಕಟ್ಟಲಿಲ್ಲ, ಯಾವ ಕ್ಷಿಪ್ರಕ್ರಾಂತಿಯನ್ನೂ ಮಾಡಲಿಲ್ಲ. 1944ರ ಜುಲೈನಲ್ಲಿ ಪೆಸಿಫಿಕ್‌ನ ಸೈಪಾನ್ ದ್ವೀಪ ಕೈತಪ್ಪಿದಾಗ ಮಾಜಿ ಪ್ರಧಾನಿಗಳು ತಿರುಗಿ ಬಿದ್ದರು, ತೋಜೊ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಹಿಟ್ಲರನನ್ನು ಹಾಗೆ ಮನೆಗೆ ಕಳಿಸಲು ಜರ್ಮನಿಯಲ್ಲಿ ಯಾರಿಗೂ ದಾರಿಯಿರಲಿಲ್ಲ. 1931ರ ಸೆಪ್ಟೆಂಬರಿನಿಂದ 1941ರ ಡಿಸೆಂಬರಿನವರೆಗೆ ಜಪಾನಿನಲ್ಲಿ 13 ಮಂತ್ರಿಮಂಡಲಗಳು ಬಂದುಹೋದವು, 11 ಜನ ಪ್ರಧಾನಿಗಳಾದರು. ಸರ್ವಾಧಿಕಾರಿಯ ದೇಶದಲ್ಲಿ ಕುರ್ಚಿ ಹೀಗೆ ಬದಲಾಗುವುದಿಲ್ಲ.

ಹಾಗಾದರೆ ಜಪಾನನ್ನು ಯುದ್ಧಕ್ಕೆ ತಳ್ಳಿದ್ದು ಯಾರು? ಈ ಪ್ರಶ್ನೆಗೆ ಒಬ್ಬನ ಹೆಸರು ಉತ್ತರವಾಗುವುದಿಲ್ಲ. ಉತ್ತರವಿರುವುದು ಸಂವಿಧಾನದ ಕೆಲವು ವಿಧಿಗಳಲ್ಲಿ, ಮಂತ್ರಿ ನೇಮಕದ ಒಂದು ನಿಯಮದಲ್ಲಿ, ಬಜೆಟ್ಟಿನ ಒಂದು ಖಾತೆಯಲ್ಲಿ, ಶಿಕ್ಷೆಯಾಗದೆ ಉಳಿದ ಕೆಲವು ಅಪರಾಧಗಳಲ್ಲಿ. ಇವನ್ನು ಹೈಸ್ಕೂಲು ಮಕ್ಕಳಿಗೂ ಹೇಳಿಕೊಡಬಹುದು, ನಾಲ್ಕು ಪೀರಿಯಡ್ ಸಾಕು.

ಸಂವಿಧಾನದಿಂದಲೇ ಹೊರಡೋಣ. ಮೇಜಿ ಸಂವಿಧಾನ ಘೋಷಣೆಯಾದದ್ದು 1889ರ ಫೆಬ್ರವರಿ 11ರಂದು. ಅದರ 11ನೆಯ ವಿಧಿ ಭೂಸೇನೆ ಮತ್ತು ನೌಕಾಪಡೆಯ ಪರಮಾಧಿಪತ್ಯವನ್ನು ಚಕ್ರವರ್ತಿಗೆ ಕೊಟ್ಟಿತು. ಸೇನೆಯ ಗಾತ್ರ, ರಚನೆಯನ್ನು ನಿರ್ಧರಿಸುವ ಅಧಿಕಾರ ಬೇರೆಯಾಗಿ 12ನೆಯ ವಿಧಿಯಲ್ಲಿತ್ತು. 55ನೆಯ ವಿಧಿಯ ಪ್ರಕಾರ ಮಂತ್ರಿಗಳು ಒಬ್ಬೊಬ್ಬರೇ ಚಕ್ರವರ್ತಿಗೆ ಸಲಹೆ ಕೊಡಬೇಕು, ಒಬ್ಬೊಬ್ಬರೇ ಜವಾಬ್ದಾರರು. 'ಪ್ರಧಾನಿ', 'ಮಂತ್ರಿಮಂಡಲ' ಎಂಬ ಮಾತೇ ಆ ಸಂವಿಧಾನದಲ್ಲಿಲ್ಲ. ಪ್ರಧಾನಿಗೆ ತನ್ನ ಯುದ್ಧಮಂತ್ರಿಯನ್ನು ವಜಾ ಮಾಡುವ ಅಧಿಕಾರ ಇರಲಿಲ್ಲ. ಭೂಸೇನೆಯ ಸಿಬ್ಬಂದಿ ಮುಖ್ಯಸ್ಥನ (ಯುದ್ಧದ ಯೋಜನೆ ಹಾಕುವ ಚೀಫ್ ಆಫ್ ಸ್ಟಾಫ್‌ನ) ಕಚೇರಿಯನ್ನು 1878ರಲ್ಲೇ ಯುದ್ಧಖಾತೆಯಿಂದ ಬೇರ್ಪಡಿಸಲಾಗಿತ್ತು. ಆ ಮುಖ್ಯಸ್ಥ ಪ್ರಧಾನಿಯನ್ನು ಕೇಳದೆ ನೇರವಾಗಿ ಅರಮನೆಗೆ ಹೋಗಬಹುದಿತ್ತು. ನೌಕಾಪಡೆಗೂ ಇಂಥದೇ ವ್ಯವಸ್ಥೆ.

ಕಾಗದದ ಮೇಲೆ ಎಲ್ಲ ಎಳೆಗಳೂ ಸೇರುವುದು ಚಕ್ರವರ್ತಿಯ ಕೈಯಲ್ಲಿ. ಆದರೆ ಚಕ್ರವರ್ತಿ ತಾನಾಗಿ ನಿರ್ಧಾರ ಮಾಡಕೂಡದು, ಕೊಟ್ಟ ಸಲಹೆಗೆ ಮುದ್ರೆ ಒತ್ತಬೇಕು ಎಂಬುದು ರೂಢಿ. ಎಳೆಗಳನ್ನು ನಿಜವಾಗಿ ಹಿಡಿದುಕೊಂಡಿದ್ದವರು 'ಗೆನ್ರೊ' ಎನಿಸಿಕೊಂಡ ಹಿರಿಯ ಮುತ್ಸದ್ದಿಗಳು. ಇವರ ಪ್ರಸ್ತಾಪವೂ ಸಂವಿಧಾನದಲ್ಲಿಲ್ಲ. ಪ್ರಧಾನಿ ಯಾರಾಗಬೇಕೆಂದು ಹೇಳುವವರು, ಸೇನೆ ಮತ್ತು ಸರ್ಕಾರದ ಜಗಳ ಬಿಡಿಸುವವರು ಅವರೇ. ಸೇನೆಯನ್ನು ಕಟ್ಟಿದ ಯಾಮಾಗಾತಾ ಅರಿತೊಮೊ 1922ರಲ್ಲಿ ತೀರಿಕೊಂಡರು. 1924ರ ನಂತರ ಉಳಿದದ್ದು ಸಾಯೊಂಜಿ ಕಿನ್‌ಮೋಚಿ ಒಬ್ಬರೇ. 1940ರ ನವೆಂಬರಿನಲ್ಲಿ ಅವರೂ ಹೋದರು. ಕಟ್ಟಿದವರು ಬದುಕಿರುವ ತನಕ ಮಾತ್ರ ಕೆಲಸ ಮಾಡುವ ಯಂತ್ರ ಅದು. ಬೋರ್ಡಿನ ಮೇಲೆ ಇದರ ಚಿತ್ರ ಬರೆಯುವಾಗ ಪ್ರಧಾನಿಯ ಚೌಕದಿಂದ ಸೇನಾ ಮುಖ್ಯಸ್ಥರ ಚೌಕಕ್ಕೆ ಗೆರೆ ಎಳೆಯಬೇಡಿ. ನಮ್ಮ ರಾಷ್ಟ್ರಪತಿ, ಪ್ರಧಾನಿ, ರಕ್ಷಣಾ ಸಚಿವರ ಮಾದರಿಯನ್ನು ಮಕ್ಕಳು ಅಲ್ಲಿಗೂ ಹಚ್ಚಿಬಿಡುತ್ತಾರೆ. ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪಿನ ಮೂಲ ಇದೇ.

ಎರಡನೆಯ ಭಾಗ ಯುದ್ಧಮಂತ್ರಿಯ ನೇಮಕ. ಇದಕ್ಕೊಂದು ಪೂರ್ತಿ ಪೀರಿಯಡ್ ಇಟ್ಟರೂ ನಷ್ಟವಿಲ್ಲ. 1900ರಲ್ಲಿ ಯಾಮಾಗಾತಾ ಸರ್ಕಾರ ಒಂದು ನಿಯಮ ತಂದಿತು: ಭೂಸೇನೆ ಮತ್ತು ನೌಕಾಪಡೆಯ ಮಂತ್ರಿಗಳು ಸೇವೆಯಲ್ಲಿರುವ ಉನ್ನತ ದರ್ಜೆಯ ಜನರಲ್ ಅಥವಾ ಅಡ್ಮಿರಲ್‌ಗಳೇ ಆಗಿರಬೇಕು. ನೋಡಲು ನಿರುಪದ್ರವಿ. ಸೇವೆಯಲ್ಲಿರುವ ಅಧಿಕಾರಿ ಸೇನೆಯ ಶಿಸ್ತಿಗೆ ಒಳಪಟ್ಟವನು, ಸೇನೆ ಬೇಡವೆಂದರೆ ಮಂತ್ರಿಯಾಗಲಾರ. ಯುದ್ಧಮಂತ್ರಿ ಇಲ್ಲದೆ ಮಂತ್ರಿಮಂಡಲ ರಚನೆಯಾಗದು. ಅಲ್ಲಿಗೆ ಸರ್ಕಾರವನ್ನು ಬೀಳಿಸುವ ಕೀಲಿ ಸೇನೆಯ ಜೇಬಿಗೆ ಬಂತು.

ಕೀಲಿ ಮೊದಲು ತಿರುಗಿದ್ದು 1912ರ ಡಿಸೆಂಬರಿನಲ್ಲಿ. ಕೊರಿಯಾದಲ್ಲಿ ಇರಿಸಲು ಎರಡು ಹೊಸ ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ಪಡೆ) ಬೇಕೆಂದು ಭೂಸೇನೆ ಕೇಳಿತು. ಸಾಯೊಂಜಿ ಸರ್ಕಾರ ಹಣವಿಲ್ಲ ಎಂದಿತು. ಯುದ್ಧಮಂತ್ರಿ ಉಎಹಾರಾ ಯೂಸಾಕು ಪ್ರಧಾನಿಯನ್ನು ದಾಟಿ ನೇರವಾಗಿ ಚಕ್ರವರ್ತಿಗೆ ರಾಜೀನಾಮೆ ಕೊಟ್ಟರು. ಬದಲಿ ಹೆಸರನ್ನು ಸೇನೆ ಕೊಡಲಿಲ್ಲ. ಸರ್ಕಾರ ಬಿತ್ತು. ಜನ ಬೀದಿಗಿಳಿದರು, ಮುಂದೆ ಬಂದ ಕತ್ಸುರಾ ಸರ್ಕಾರ ಎರಡೇ ತಿಂಗಳಲ್ಲಿ ಹೋಯಿತು. 1913ರಲ್ಲಿ ಯಾಮಾಮೊತೊ ಸರ್ಕಾರ 'ಸೇವೆಯಲ್ಲಿರುವ' ಎಂಬ ಷರತ್ತನ್ನು ತೆಗೆದುಹಾಕಿತು. ಇದನ್ನು ಖಂಡಿತ ಹೇಳಿ. ಜನರ ಒತ್ತಡದಿಂದ ಸೇನೆ ಹಿಂದೆ ಸರಿದ ಗಳಿಗೆ ಇದು, ಪಾಠಗಳಲ್ಲಿ ಕಾಣುವುದೇ ಅಪರೂಪ.

1936ರ ಮೇ ತಿಂಗಳಲ್ಲಿ ಹಿರೋತಾ ಸರ್ಕಾರ ಅದೇ ಷರತ್ತನ್ನು ಮತ್ತೆ ತಂದಿತು. ಕೊಟ್ಟ ನೆಪ ಕೇಳಿ: ಆ ವರ್ಷ ಫೆಬ್ರವರಿಯಲ್ಲಿ ಸೇನಾಧಿಕಾರಿಗಳು ಟೋಕಿಯೊದಲ್ಲಿ ಎಬ್ಬಿಸಿದ ದಂಗೆಯ (ಅದರ ಕಥೆ ಮುಂದಿದೆ) ನಂತರ ಮನೆಗೆ ಕಳಿಸಿದ ಜನರಲ್‌ಗಳು ಹಿಂಬಾಗಿಲಿನಿಂದ ಮಂತ್ರಿಗಳಾಗಿ ಬರಬಾರದು. ಸೇನೆಯ ಶಿಸ್ತನ್ನು ಕಾಪಾಡುವ ಹೆಸರಿನಲ್ಲಿ ಸರ್ಕಾರದ ಕತ್ತು ಸೇನೆಯ ಕೈಗೆ ಹೋಯಿತು. ಮರುವರ್ಷ ಜನವರಿಯಲ್ಲಿ ಚಕ್ರವರ್ತಿಯೇ ಉಗಾಕಿ ಕಝುಶಿಗೆ ಎಂಬವರನ್ನು ಕರೆದು ಸರ್ಕಾರ ರಚಿಸಲು ಹೇಳಿದರು. ಉಗಾಕಿ ಸ್ವತಃ ಜನರಲ್. ಆದರೆ 1925ರಲ್ಲಿ ಯುದ್ಧಮಂತ್ರಿಯಾಗಿ ನಾಲ್ಕು ಡಿವಿಷನ್‌ಗಳನ್ನು ಕಡಿತ ಮಾಡಿದ್ದವರು. ಸೇನೆ ಮಂತ್ರಿಯನ್ನು ಕೊಡಲಿಲ್ಲ, ಉಗಾಕಿ ಕೈಚೆಲ್ಲಿದರು. 1940ರ ಜುಲೈನಲ್ಲಿ ಯೊನಾಯಿ ಮಿತ್ಸುಮಾಸಾ ಸರ್ಕಾರ ಜರ್ಮನಿಯೊಂದಿಗೆ ಒಪ್ಪಂದಕ್ಕೆ ಹಿಂದೇಟು ಹಾಕುತ್ತಿದ್ದಾಗ ಯುದ್ಧಮಂತ್ರಿ ಹತಾ ಶುನ್‌ರೋಕು ರಾಜೀನಾಮೆ ಕೊಟ್ಟರು, ಬದಲಿ ಬರಲಿಲ್ಲ, ಸರ್ಕಾರ ಬಿತ್ತು. ಎರಡು ತಿಂಗಳ ನಂತರ, ಸೆಪ್ಟೆಂಬರ್ 27ರಂದು, ಬರ್ಲಿನ್‌ನಲ್ಲಿ ಜರ್ಮನಿ, ಇಟಲಿ, ಜಪಾನ್‌ಗಳ ತ್ರಿಪಕ್ಷ ಒಪ್ಪಂದಕ್ಕೆ ಸಹಿಯಾಯಿತು. ಒಂದು ಗುಂಡೂ ಹಾರಲಿಲ್ಲ. 'ಸೇನೆ ಅಧಿಕಾರವನ್ನು ಕಸಿದುಕೊಂಡಿತು' ಎಂದು ಬರೆದರೆ ಮಕ್ಕಳ ಕಣ್ಣಿಗೆ ಬರುವುದು ಟ್ಯಾಂಕುಗಳು. ನಡೆದದ್ದು ರಾಜೀನಾಮೆ ಪತ್ರಗಳಿಂದ.

ಇಷ್ಟಾದರೂ ಎಲ್ಲ ದೋಷವನ್ನೂ ಸಮವಸ್ತ್ರದವರ ತಲೆಗೆ ಕಟ್ಟುವುದು ಸರಿಯಲ್ಲ. 1930ರ ಲಂಡನ್ ನೌಕಾ ಒಪ್ಪಂದವನ್ನು ತೆಗೆದುಕೊಳ್ಳಿ. 1922ರ ವಾಷಿಂಗ್ಟನ್ ಒಪ್ಪಂದ ದೊಡ್ಡ ಯುದ್ಧನೌಕೆಗಳಲ್ಲಿ ಅಮೆರಿಕ, ಬ್ರಿಟನ್, ಜಪಾನ್‌ಗಳಿಗೆ 5:5:3 ಅನುಪಾತ ಗೊತ್ತುಮಾಡಿತ್ತು. ಲಂಡನ್‌ನಲ್ಲಿ ಕ್ರೂಸರು, ಡಿಸ್ಟ್ರಾಯರು, ಜಲಾಂತರ್ಗಾಮಿಗಳ ಸರದಿ. ನೌಕಾ ಸಿಬ್ಬಂದಿ ಕೇಳಿದ್ದು ಅಮೆರಿಕದ ಶೇ. 70. ಸಿಕ್ಕಿದ್ದು ಒಟ್ಟಾರೆ ಶೇ. 69.75. ಕಾಲು ಶೇಕಡದ ಜಗಳ ಎಂದು ನಗಬೇಡಿ. ಭಾರಿ ಕ್ರೂಸರುಗಳಲ್ಲಿ ಸಿಕ್ಕಿದ್ದು ಶೇ. 60 ಮಾತ್ರ, ನೌಕಾಧಿಕಾರಿಗಳ ಹೊಟ್ಟೆಯುರಿ ಇದ್ದದ್ದು ಅಲ್ಲಿ. ಪ್ರಧಾನಿ ಹಮಾಗುಚಿ ಒಸಾಚಿ ಸಹಿಗೆ ಒಪ್ಪಿದರು. ನೌಕಾ ಸಿಬ್ಬಂದಿ ಮುಖ್ಯಸ್ಥ ಕಾತೊ ಕಾಂಜಿ ವಿರೋಧಿಸಿದರು. ಆಗ ಸಂಸತ್ತಿನಲ್ಲಿ ಎದ್ದುನಿಂತು, ಸರ್ಕಾರ ಚಕ್ರವರ್ತಿಯ ಸೇನಾಧಿಪತ್ಯದ ಹಕ್ಕನ್ನು ಅತಿಕ್ರಮಿಸಿದೆ ಎಂದು ಗುಡುಗಿದವರು ಜನರಲ್‌ಗಳಲ್ಲ. ವಿರೋಧಪಕ್ಷ ಸೇಯೂಕಾಯ್‌ನ ನಾಯಕರಾದ ಇನುಕಾಯಿ ತ್ಸುಯೋಶಿ ಮತ್ತು ಹತೋಯಾಮಾ ಇಚಿರೊ. ಸೇನೆಯ ಗಾತ್ರ ಸರ್ಕಾರದ ಸಲಹೆಗೆ ಸೇರಿದ್ದು, 12ನೆಯ ವಿಧಿ ಎಂಬುದು ಆಗಿನ ಪ್ರಮುಖ ಸಂವಿಧಾನ ಪಂಡಿತ ಮಿನೋಬೆ ತತ್ಸುಕಿಚಿ ಅವರ ಅಭಿಪ್ರಾಯ. ಆಳುವ ಪಕ್ಷವನ್ನು ಉರುಳಿಸಲು ವಿರೋಧಪಕ್ಷಕ್ಕೆ 11ನೆಯ ವಿಧಿ ಬೇಕಾಗಿತ್ತು. ನವೆಂಬರ್ 14ರಂದು ಟೋಕಿಯೊ ರೈಲು ನಿಲ್ದಾಣದಲ್ಲಿ ಹಮಾಗುಚಿಗೆ ಗುಂಡು ಬಿತ್ತು, ಮರುವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಇನುಕಾಯಿ ಮುಂದೆ ಪ್ರಧಾನಿಯಾದರು, 1932ರ ಮೇ 15ರಂದು ಯುವ ನೌಕಾಧಿಕಾರಿಗಳ ಗುಂಡಿಗೆ ಮನೆಯಲ್ಲೇ ಬಲಿಯಾದರು. 1935ರಲ್ಲಿ ಮಿನೋಬೆ ಅವರ ಪುಸ್ತಕಗಳು ನಿಷೇಧವಾದಾಗಲೂ ಸೇಯೂಕಾಯ್ ದಾಳಿಕೋರರ ಜೊತೆಗೇ ನಿಂತಿತ್ತು. ಇನುಕಾಯಿ ಬಲಿಯಾಗಿ ಮೂರು ವರ್ಷ ಆಗಿತ್ತು, ಪಕ್ಷ ಪಾಠ ಕಲಿತಿರಲಿಲ್ಲ.

ಈಗ ಮಂಚೂರಿಯಾ. ಪಾಠದಲ್ಲಿ ಇದಕ್ಕೆ ಸಿಗುವುದು ಒಂದು ಸಾಲು: '1931ರಲ್ಲಿ ಜಪಾನ್ ಮಂಚೂರಿಯಾವನ್ನು ಆಕ್ರಮಿಸಿತು.' ಆ ಜಪಾನ್ ಯಾರು? ಟೋಕಿಯೊದ ಸರ್ಕಾರ ಅಂತೂ ಅಲ್ಲ. ಅದಕ್ಕೆ ಮೂರು ವರ್ಷ ಹಿಂದೆ ಹೋಗಬೇಕು. 1928ರ ಜೂನ್ 4ರಂದು ಮಂಚೂರಿಯಾದ ಸೇನಾಪ್ರಭು ಝಾಂಗ್ ಝುವೊಲಿನ್ ಪ್ರಯಾಣಿಸುತ್ತಿದ್ದ ರೈಲನ್ನು, ಮಂಚೂರಿಯಾದಲ್ಲಿ ನೆಲೆಯಿದ್ದ ಜಪಾನಿನ ಕ್ವಾಂಟುಂಗ್ ಸೇನೆಯ ಕರ್ನಲ್ ಕೋಮೋತೊ ದಾಯಿಸಾಕು ಸ್ಫೋಟಿಸಿ ಕೊಲ್ಲಿಸಿದರು. ತಪ್ಪಿತಸ್ಥರನ್ನು ಶಿಕ್ಷಿಸುತ್ತೇನೆ ಎಂದು ಪ್ರಧಾನಿ ತನಾಕಾ ಗಿಯಿಚಿ ಚಕ್ರವರ್ತಿಗೆ ಮಾತು ಕೊಟ್ಟರು. ಸೇನೆ ಬಿಡಲಿಲ್ಲ. ಚಕ್ರವರ್ತಿ ಗದರಿದ ಮೇಲೆ 1929ರ ಜುಲೈನಲ್ಲಿ ಮನೆಗೆ ಹೋದದ್ದು ಪ್ರಧಾನಿ. ಕೋಮೋತೊಗೆ ಕೋರ್ಟ್ ಮಾರ್ಷಲ್ ಆಗಲಿಲ್ಲ, ಸೇವೆಯಿಂದ ಬಿಡುಗಡೆಯಾಯಿತು ಅಷ್ಟೇ. 1932ರಲ್ಲಿ ಅವರು ದಕ್ಷಿಣ ಮಂಚೂರಿಯಾ ರೈಲ್ವೆಯ ನಿರ್ದೇಶಕರಾದರು.

ಇದನ್ನು ನೋಡಿಕೊಂಡೇ ಮುಂದಿನವರು ಬಂದರು. 1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ದೆನ್ ಬಳಿ, ಅಂದರೆ ಇಂದಿನ ಶೆನ್ಯಾಂಗ್ ಬಳಿ, ಜಪಾನಿನದೇ ರೈಲ್ವೆಯ ಹಳಿಯ ಮೇಲೆ ಸ್ಫೋಟ. ಯೋಜನೆ ಇಶಿವಾರಾ ಕಾಂಜಿ ಮತ್ತು ಇತಾಗಾಕಿ ಸೇಶಿರೋ ಅವರದು. ಒಬ್ಬರು ಲೆಫ್ಟಿನೆಂಟ್ ಕರ್ನಲ್, ಇನ್ನೊಬ್ಬರು ಕರ್ನಲ್. ಹಾಳಾದ ಹಳಿ ಒಂದು ಮೀಟರಿಗೂ ಕಡಿಮೆ. ಅದರ ಮೇಲೆಯೇ ಸ್ವಲ್ಪ ಹೊತ್ತಿನಲ್ಲಿ ಚಾಂಗ್‌ಚುನ್ ಕಡೆಯ ರೈಲು ಹಾದು ಮುಕ್ದೆನ್‌ಗೆ ಹೊತ್ತಿಗೆ ಸರಿಯಾಗಿ ಬಂತು. ಚೀನೀಯರು ಸ್ಫೋಟಿಸಿದರು ಎಂದು ಹೇಳಿ ಆ ರಾತ್ರಿಯೇ ಚೀನೀ ಸೈನಿಕ ನೆಲೆಯ ಮೇಲೆ ದಾಳಿ ಮಾಡಿದರು. ಸಂಯಮದಿಂದಿರಿ ಎಂಬ ಸಂದೇಶ ಹೊತ್ತು ಟೋಕಿಯೊದಿಂದ ಹೊರಟ ಜನರಲ್ ತತೆಕಾವಾ ಸಂಜೆಯೇ ಮುಕ್ದೆನ್ ತಲುಪಿದ್ದರು, ಆದರೆ ಸಂದೇಶ ಕೊಡುವುದಕ್ಕೆ ಮೊದಲು ಔತಣಕ್ಕೆ ಹೋದರು.

ಮೂರು ದಿನದ ನಂತರ ನಡೆದದ್ದು ಇನ್ನೂ ಮುಖ್ಯ. ಸೆಪ್ಟೆಂಬರ್ 21ರಂದು ಕೊರಿಯಾದಲ್ಲಿದ್ದ ಜಪಾನೀ ಸೇನೆಯ ಮುಖ್ಯಸ್ಥ ಹಯಾಶಿ ಸೆಂಜೂರೊ ಚಕ್ರವರ್ತಿಯ ಆಜ್ಞೆಗೆ ಕಾಯದೆ ತಮ್ಮ ಪಡೆಯನ್ನು ಯಾಲು ನದಿ ದಾಟಿಸಿದರು. ಆಜ್ಞೆಯಿಲ್ಲದೆ ಗಡಿ ದಾಟುವುದು ಸೇನಾ ದಂಡಸಂಹಿತೆಯಲ್ಲಿ ಮರಣದಂಡನೆಯ ಅಪರಾಧ. ಮರುದಿನ ವಕಾತ್ಸುಕಿ ಸರ್ಕಾರ ಸಭೆ ಸೇರಿತು. ಕದನ ಹಬ್ಬಬಾರದು ಎಂಬುದು ಸರ್ಕಾರದ ಅಧಿಕೃತ ನಿಲುವು. ಆದರೂ ದಾಟಿದ ಪಡೆಯ ಖರ್ಚಿಗೆ ಮಂಜೂರಾತಿ ಕೊಟ್ಟಿತು. ಖರ್ಚು ಮಂಜೂರಾದ ಮೇಲೆ ಅಪರಾಧ ಅಪರಾಧವಾಗಿ ಉಳಿಯಲಿಲ್ಲ, ಸರ್ಕಾರದ ಕಾರ್ಯಾಚರಣೆಯಾಯಿತು. ಹಯಾಶಿ 1937ರಲ್ಲಿ ಪ್ರಧಾನಿಯಾದರು. ಪಾಠದಲ್ಲಿ ಒಂದೇ ದಿನಾಂಕಕ್ಕೆ ಜಾಗವಿದ್ದರೆ ಸೆಪ್ಟೆಂಬರ್ 18ರ ಬದಲು ಸೆಪ್ಟೆಂಬರ್ 22 ಹಾಕಿ ಎಂಬುದು ನಮ್ಮ ಸಲಹೆ.

ಇದೇ ಕ್ರಮ ಮುಂದೆ ಮರುಕಳಿಸಿತು: ಗಡಿಯಲ್ಲಿರುವ ಮಧ್ಯಮ ದರ್ಜೆಯ ಅಧಿಕಾರಿಗಳು ಘಟನೆ ಹುಟ್ಟಿಸುತ್ತಾರೆ, ಸ್ಥಳೀಯ ಸೇನಾಧಿಪತಿ ಹಿಗ್ಗಿಸುತ್ತಾನೆ, ಟೋಕಿಯೊದ ಸಿಬ್ಬಂದಿ ಕಚೇರಿ 'ಸೈನಿಕರ ಪ್ರಾಣ ಅಪಾಯದಲ್ಲಿದೆ' ಎನ್ನುತ್ತದೆ, ಸರ್ಕಾರ ಹಣ ಕೊಡುತ್ತದೆ, ಪತ್ರಿಕೆಗಳು ವಿಜಯದ ವಿಶೇಷ ಸಂಚಿಕೆ ತರುತ್ತವೆ. 1936ರಲ್ಲಿ ಕ್ವಾಂಟುಂಗ್ ಸೇನೆ ಒಳ ಮಂಗೋಲಿಯಾದಲ್ಲಿ ಕೈಹಾಕಿದಾಗ ಅದನ್ನು ತಡೆಯಲು ಟೋಕಿಯೊದಿಂದ ಹೋದವರು ಬೇರೆ ಯಾರೂ ಅಲ್ಲ, ಇಶಿವಾರಾ. ಅಲ್ಲಿದ್ದ ಕಿರಿಯ ಅಧಿಕಾರಿ ಮುತೊ ಅಕಿರಾ, ತಾವು ಅಂದು ಮಾಡಿದ್ದನ್ನೇ ನಾವು ಇಂದು ಮಾಡುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಇಶಿವಾರಾ ಬಳಿ ಅದಕ್ಕೆ ಮರುಮಾತಿರಲಿಲ್ಲ.

ಜನ ಇದಕ್ಕೆಲ್ಲ ಚಪ್ಪಾಳೆ ತಟ್ಟಿದ್ದೇಕೆ? ಇಲ್ಲಿ 'ಆರ್ಥಿಕ ಮುಗ್ಗಟ್ಟು' ಎಂಬ ಎರಡು ಪದ ಸಾಲದು. ಜಪಾನಿನ ಹತ್ತು ರೈತ ಕುಟುಂಬಗಳಲ್ಲಿ ನಾಲ್ಕು ರೇಷ್ಮೆಹುಳು ಸಾಕುತ್ತಿದ್ದವು. ಕಚ್ಚಾ ರೇಷ್ಮೆಯ ಬಹುಪಾಲು ಹೋಗುತ್ತಿದ್ದದ್ದು ಅಮೆರಿಕಕ್ಕೆ. 1929ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. ಅದು ತಿಳಿದ ಮೇಲೂ 1930ರ ಜನವರಿ 11ರಂದು ಹಣಕಾಸು ಮಂತ್ರಿ ಇನೊಉಎ ಜುನ್ನೊಸುಕೆ ಯೆನ್ ಅನ್ನು ಹಳೆಯ ದರದಲ್ಲೇ ಚಿನ್ನಕ್ಕೆ ಕಟ್ಟಿದರು. ಯೆನ್ ದುಬಾರಿಯಾಯಿತು, ರಫ್ತು ಬಿತ್ತು, ರೇಷ್ಮೆಯ ಬೆಲೆ ಎರಡು ವರ್ಷದೊಳಗೆ ಅರ್ಧಕ್ಕೂ ಕೆಳಗಿಳಿಯಿತು. 1930ರಲ್ಲಿ ಭತ್ತ ಚೆನ್ನಾಗಿ ಬೆಳೆದು ಅಕ್ಕಿಯ ದರ ಕುಸಿದರೆ, 1931ರಲ್ಲಿ ಈಶಾನ್ಯದ ತೊಹೊಕು ಸೀಮೆಯಲ್ಲಿ ಬೆಳೆಯೇ ಕೈಕೊಟ್ಟಿತು. ಹೆಣ್ಣುಮಕ್ಕಳನ್ನು ಮಾರಿದ ಹಳ್ಳಿಗಳು ಅಲ್ಲಿದ್ದವು. ಸೇನೆಯ ಜವಾನರಲ್ಲಿ ಅಂಥ ಊರುಗಳಿಂದ ಬಂದವರಿದ್ದರು, ಕಿರಿಯ ಅಧಿಕಾರಿಗಳು ಅವರನ್ನು ದಿನವೂ ನೋಡುತ್ತಿದ್ದರು. ರಾಮನಗರ, ಶಿಡ್ಲಘಟ್ಟದ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವೇ ಅಲ್ಲ, ಗೂಡಿನ ದರ ಬಿದ್ದರೆ ಮನೆಯಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತು. ಅದೇ ವರ್ಷಗಳಲ್ಲಿ ಜಪಾನಿನ ಅಗ್ಗದ ರೇಷ್ಮೆ ಭಾರತಕ್ಕೂ ನುಗ್ಗಿ ಮೈಸೂರು ಸಂಸ್ಥಾನದ ಬೆಳೆಗಾರರನ್ನು ಹಿಂಡಿತು ಎಂಬುದನ್ನೂ ಜೊತೆಗೆ ಹೇಳಬಹುದು.

ಆದರೆ ಒಂದು ಎಚ್ಚರಿಕೆ. 'ಬಡತನ ಬಂತು, ಆದ್ದರಿಂದ ಯುದ್ಧ ಬಂತು' ಎಂದು ಬರೆದರೆ ಕಾಲಕ್ರಮ ಒಪ್ಪುವುದಿಲ್ಲ. 1931ರ ಡಿಸೆಂಬರಿನಲ್ಲಿ ಹಣಕಾಸು ಖಾತೆಗೆ ಬಂದ ತಕಾಹಾಶಿ ಕೊರೆಕಿಯೊ ಚಿನ್ನದ ಕಟ್ಟು ಬಿಚ್ಚಿದರು, ಯೆನ್ ಇಳಿಯಲು ಬಿಟ್ಟರು, ಸರ್ಕಾರದ ಸಾಲಪತ್ರಗಳನ್ನು ಬ್ಯಾಂಕ್ ಆಫ್ ಜಪಾನ್ ಕೊಳ್ಳುವಂತೆ ಮಾಡಿ ಖರ್ಚು ಹೆಚ್ಚಿಸಿದರು. ಜಪಾನ್ ಬಹಳ ದೇಶಗಳಿಗಿಂತ ಬೇಗ ಚೇತರಿಸಿಕೊಂಡಿತು. ಚೇತರಿಕೆಯಾದ ಮೇಲೆ, ಇನ್ನು ಸಾಲ ತಗ್ಗಿಸಬೇಕು, ಸೇನೆಯ ಖರ್ಚಿಗೆ ಕಡಿವಾಣ ಬೇಕು ಎಂದು 1936ರ ಬಜೆಟ್‌ನಲ್ಲಿ ಪಟ್ಟು ಹಿಡಿದರು. ಆ ವರ್ಷ ಫೆಬ್ರವರಿ 26ರ ಹಿಮದ ಮುಂಜಾನೆ ದಂಗೆಕೋರ ಅಧಿಕಾರಿಗಳು ಅವರನ್ನು ಹಾಸಿಗೆಯಲ್ಲೇ ಕೊಂದರು. ಖರ್ಚು ಏರಿಸಿದಾಗ ಬೇಕಾದವರು, ಇಳಿಸಲು ಹೊರಟಾಗ ಬೇಡವಾದರು. ದಶಕದ ಆರಂಭದಲ್ಲಿ ಬಜೆಟ್ಟಿನ ಮೂರನೇ ಒಂದಕ್ಕಿಂತ ಕಡಿಮೆಯಿದ್ದ ಸೇನಾವೆಚ್ಚ 1936ರ ಹೊತ್ತಿಗೆ ಅರ್ಧದ ಹತ್ತಿರ ಬಂದಿತ್ತು.

ಆ ಫೆಬ್ರವರಿಯ ದಂಗೆಯನ್ನು 'ಸೇನೆ ಅಧಿಕಾರಕ್ಕೆ ಬಂದ ದಿನ' ಎಂದು ಬರೆಯುವ ರೂಢಿಯನ್ನೂ ದಯವಿಟ್ಟು ಬಿಡಿ. ಸುಮಾರು 1,400 ಸೈನಿಕರು ಟೋಕಿಯೊದ ನಡುಭಾಗ ಹಿಡಿದರು, ತಕಾಹಾಶಿ ಜೊತೆ ಮಾಜಿ ಪ್ರಧಾನಿ ಸಾಯಿತೊ ಮಕೊತೊ, ಜನರಲ್ ವತಾನಾಬೆ ಜೋತಾರೊ ಅವರನ್ನೂ ಕೊಂದರು. ಪ್ರಧಾನಿ ಒಕಾದಾ ಎಂದು ತಿಳಿದು ಅವರ ತಂಗಿಯ ಗಂಡನನ್ನು ಕೊಂದರು. ಚಕ್ರವರ್ತಿ ಹಿರೊಹಿತೊ ದಂಗೆ ಅಡಗಿಸಲೇಬೇಕೆಂದು ಹಠ ಹಿಡಿದ ಮೇಲೆ ನಾಲ್ಕನೆಯ ದಿನ ಮುಗಿಯಿತು. ಹಿಂದೆ, ಸರ್ಕಾರವನ್ನು ಉರುಳಿಸಲು ಸೇನಾಧಿಕಾರಿಗಳು ಹೂಡಿದ್ದ 1931ರ ಅಕ್ಟೋಬರ್ ಸಂಚಿನ ಮುಖ್ಯಸ್ಥ ಹಶಿಮೊತೊ ಕಿಂಗೊರೊಗೆ ಆದದ್ದು 20 ದಿನದ ಬಂಧನ. ಇನುಕಾಯಿ ಹಂತಕರ ವಿಚಾರಣೆಯಲ್ಲಿ ದಯೆ ಕೋರಿ ಲಕ್ಷಗಟ್ಟಲೆ ಸಹಿಗಳು ಬಂದವು, ಒಬ್ಬರಿಗೂ ಗಲ್ಲಾಗಲಿಲ್ಲ, 1940ರ ಹೊತ್ತಿಗೆ ಆ ನೌಕಾಧಿಕಾರಿಗಳೆಲ್ಲ ಹೊರಗಿದ್ದರು. ಈ ಬಾರಿ ಗುಟ್ಟಿನ ವಿಚಾರಣೆ, ವಕೀಲರಿಲ್ಲ, 19 ಜನರಿಗೆ ಮರಣದಂಡನೆ. ಅಂದರೆ ದಂಗೆ ಸೋತಿತು. ಗೆದ್ದದ್ದು ಅದನ್ನು ಅಡಗಿಸಿದ ಸೇನಾ ನಾಯಕತ್ವ. 'ಮತ್ತೆ ಇಂಥದ್ದು ಆಗಬಾರದಾದರೆ' ಎಂಬ ಒಂದೇ ಬೆದರಿಕೆಯಲ್ಲಿ ಅದು ಹಿರೋತಾ ಸಂಪುಟಕ್ಕೆ ಯಾರು ಬರಬೇಕು, ಯಾರು ಬರಬಾರದೆಂದು ಪಟ್ಟಿ ತಿದ್ದಿಸಿತು. ದಂಗೆಗೆ ಆರು ದಿನ ಮೊದಲು, ಫೆಬ್ರವರಿ 20ರಂದು, ಚುನಾವಣೆಯಾಗಿ ಮಧ್ಯಮಮಾರ್ಗದ ಮಿನ್ಸೇಯ್‌ತೊ ಪಕ್ಷ ಮೊದಲ ಸ್ಥಾನಕ್ಕೆ ಬಂದಿತ್ತು, ಸಮಾಜವಾದಿಗಳೂ ಬಲ ಹೆಚ್ಚಿಸಿಕೊಂಡಿದ್ದರು. ಮತದಾರರು ಕೊಟ್ಟ ಈ ಉತ್ತರ ಪಾಠದಲ್ಲಿ ಇರಬೇಕು. ಸಂಸತ್ತು ಯುದ್ಧದುದ್ದಕ್ಕೂ ಮುಚ್ಚಲಿಲ್ಲ. 1942ರಲ್ಲಿ ಕೂಡ ಚುನಾವಣೆಯಾಯಿತು, 466 ಸ್ಥಾನಗಳಲ್ಲಿ 85 ಸರ್ಕಾರದ ಶಿಫಾರಸು ಇಲ್ಲದವರ ಪಾಲಾದವು.

ಚೀನಾ ಯುದ್ಧದ ಘಟನಾವಳಿ ಪಾಠಗಳಲ್ಲಿ ಹೇಗೋ ಇರುತ್ತದೆ: 1937ರ ಜುಲೈ 7 ಬೀಜಿಂಗ್ ಬಳಿಯ ಮಾರ್ಕೊ ಪೋಲೊ ಸೇತುವೆಯ ಘರ್ಷಣೆ, ಡಿಸೆಂಬರ್ 13 ನಾನ್‌ಜಿಂಗ್ ಪತನ, ಅಲ್ಲಿ ವಾರಗಟ್ಟಲೆ ನಡೆದ ಕೈದಿಗಳ, ನಾಗರಿಕರ ಕಗ್ಗೊಲೆ ಮತ್ತು ಅತ್ಯಾಚಾರ. ಸೇರಿಸಬೇಕಾದದ್ದು ಖರ್ಚಿನ ವಿಷಯ. 1937ರ ಸೆಪ್ಟೆಂಬರಿನಲ್ಲಿ ಸಂಸತ್ತು 'ತಾತ್ಕಾಲಿಕ ಸೇನಾವೆಚ್ಚ ವಿಶೇಷ ಖಾತೆ' ತೆರೆಯಿತು. ಯುದ್ಧ ಮುಗಿಯುವವರೆಗೂ ಅದು ಒಂದೇ ಹಣಕಾಸು ವರ್ಷ. ವರ್ಷವರ್ಷದ ಲೆಕ್ಕ ಒಪ್ಪಿಸಬೇಕಿಲ್ಲ, ಸಂಸತ್ತಿನ ಮುಂದೆ ದೊಡ್ಡ ಮೊತ್ತಗಳಷ್ಟೇ ಬರುತ್ತವೆ, ಒಳವಿವರ ಗುಟ್ಟು. ಆ 'ವರ್ಷ' ಮುಗಿದದ್ದು 1946ರ ಫೆಬ್ರವರಿಯಲ್ಲಿ. ಚೀನಾದ ಹೆಸರಿನಲ್ಲಿ ತೆಗೆದ ಈ ಹಣದಲ್ಲೇ ಭೂಸೇನೆ ರಷ್ಯಾದ ವಿರುದ್ಧ, ನೌಕಾಪಡೆ ಅಮೆರಿಕದ ವಿರುದ್ಧ ಸಿದ್ಧತೆ ಮಾಡಿಕೊಂಡವು. 1938ರ ಏಪ್ರಿಲ್‌ನಲ್ಲಿ ಬಂದ ರಾಷ್ಟ್ರೀಯ ಸಾಮೂಹಿಕ ಸಜ್ಜುಗೊಳಿಕೆ ಕಾನೂನು, ಕೂಲಿ, ಬೆಲೆ, ಕಾರ್ಖಾನೆ, ಪತ್ರಿಕೆ ಎಲ್ಲವನ್ನೂ ಸಂಸತ್ತನ್ನು ಕೇಳದೆ ಆಜ್ಞೆಯಿಂದ ನಡೆಸುವ ಅಧಿಕಾರ ಕೊಟ್ಟಿತು. 1940ರ ಫೆಬ್ರವರಿ 2ರಂದು ಸಾಯಿತೊ ತಕಾವೊ ಎಂಬ ಸದಸ್ಯರು ಎದ್ದು, ಈ ಯುದ್ಧದ ಗುರಿ ಏನು, ಮುಗಿಸುವುದು ಹೇಗೆ ಎಂದು ಕೇಳಿದರು. ಭಾಷಣದ ಬಹುಭಾಗವನ್ನು ದಾಖಲೆಯಿಂದ ಅಳಿಸಲಾಯಿತು, ಮಾರ್ಚ್‌ನಲ್ಲಿ ಅವರನ್ನು ಸಂಸತ್ತಿನಿಂದ ಹೊರಹಾಕಿದರು. ಹಾಕಿದವರು ಸಹಸದಸ್ಯರೇ.

1941ಕ್ಕೆ ಬಂದರೆ, ಮೂರು ಸಂಗತಿ ಸಾಕು. ಒಂದು, ತೈಲ. ಜಪಾನ್ ಬಳಸುವ ತೈಲದ ಸುಮಾರು ಐದರಲ್ಲಿ ನಾಲ್ಕು ಭಾಗ ಅಮೆರಿಕದಿಂದ ಬರುತ್ತಿತ್ತು. ಜುಲೈ ಕೊನೆಯಲ್ಲಿ ಜಪಾನೀ ಪಡೆ ದಕ್ಷಿಣ ಇಂಡೋಚೈನಾಕ್ಕೆ ಕಾಲಿಟ್ಟಾಗ ಅಮೆರಿಕ ಜಪಾನಿನ ಆಸ್ತಿ ಸ್ತಂಭನ ಮಾಡಿತು, ಆಗಸ್ಟ್ 1ರಿಂದ ತೈಲ ನಿಂತಿತು. ದಾಸ್ತಾನು ಎರಡು ವರ್ಷಕ್ಕೆ, ಯುದ್ಧವಾದರೆ ಒಂದೂವರೆ ವರ್ಷಕ್ಕೆ ಎಂದು ನೌಕಾ ಸಿಬ್ಬಂದಿ ಮುಖ್ಯಸ್ಥ ನಗಾನೊ ಒಸಾಮಿ ಚಕ್ರವರ್ತಿಗೆ ಲೆಕ್ಕ ಕೊಟ್ಟರು. ಅಂದಿನಿಂದ ಗಡಿಯಾರವೇ ಯುದ್ಧದ ಪರ ವಾದಿಸಿತು.

ಎರಡು, ಯಾರೂ ಬೇಡವೆನ್ನದ ಸಭೆಗಳು. ಸೆಪ್ಟೆಂಬರ್ 5ರಂದು ಭೂಸೇನಾ ಮುಖ್ಯಸ್ಥ ಸುಗಿಯಾಮಾ ಹಾಜಿಮೆ, ದಕ್ಷಿಣದ ಕಾರ್ಯಾಚರಣೆ ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದರು. ಚೀನಾ ಒಂದು ತಿಂಗಳು ಎಂದಿದ್ದಿರಿ, ನಾಲ್ಕು ವರ್ಷವಾಯಿತಲ್ಲ ಎಂದು ಚಕ್ರವರ್ತಿ ಕೇಳಿದರು. ಚೀನಾದ ಒಳನಾಡು ವಿಶಾಲ ಎಂದರು ಸುಗಿಯಾಮಾ. ಪೆಸಿಫಿಕ್ ಅದಕ್ಕಿಂತ ವಿಶಾಲವಲ್ಲವೆ ಎಂಬ ಮಾತಿಗೆ ಉತ್ತರ ಬರಲಿಲ್ಲ. ಆದರೂ ಮರುದಿನದ ಸಭೆಯಲ್ಲಿ ಯುದ್ಧಸಿದ್ಧತೆಗೆ ಒಪ್ಪಿಗೆ ಸಿಕ್ಕಿತು. ಚಕ್ರವರ್ತಿಯನ್ನು ಬರೀ ಬೊಂಬೆ ಎಂದು ಬರೆಯುವವರಿಗೂ ಸರ್ವಶಕ್ತ ಎಂದು ಬರೆಯುವವರಿಗೂ ಈ ಎರಡು ದಿನ ಸಾಕು: ಪ್ರಶ್ನೆ ಕೇಳಬಲ್ಲವರಾಗಿದ್ದರು, ಕೇಳಿದರು, ಮುದ್ರೆಯನ್ನೂ ಒತ್ತಿದರು. ಅಕ್ಟೋಬರ್ 12ರಂದು ಪ್ರಧಾನಿ ಕೊನೊಎ ಮನೆಯಲ್ಲಿ ಕೂತಾಗ ನೌಕಾಮಂತ್ರಿ ಓಯಿಕಾವಾ, ನಿರ್ಧಾರ ಪ್ರಧಾನಿಗೆ ಬಿಟ್ಟದ್ದು ಎಂದು ಜಾರಿಕೊಂಡರು. ಗೆಲ್ಲಲಾರೆವು ಎಂದು ನೌಕಾಪಡೆ ಬಾಯಿಬಿಟ್ಟು ಹೇಳಿದರೆ ಇಷ್ಟು ವರ್ಷ ಪಡೆದ ಉಕ್ಕು, ಹಣಕ್ಕೆ ಲೆಕ್ಕ ಕೊಡಬೇಕಾಗುತ್ತಿತ್ತು. ಚೀನಾದಿಂದ ಸೇನೆ ಹಿಂತೆಗೆಯುವುದಿಲ್ಲ ಎಂದು ಯುದ್ಧಮಂತ್ರಿ ತೋಜೊ ಹಠ ಹಿಡಿದರು. ಕೊನೊಎ ರಾಜೀನಾಮೆ ಕೊಟ್ಟರು. ಸೇನೆಯನ್ನು ಹಿಡಿತದಲ್ಲಿಡಬಲ್ಲವನು ಎಂಬ ಲೆಕ್ಕದಲ್ಲೇ ತೋಜೊಗೆ ಕುರ್ಚಿ ಸಿಕ್ಕಿದ್ದು.

ಮೂರು, ಗೊತ್ತಿದ್ದೂ ಹೋದದ್ದು. ಆ ಆಗಸ್ಟಿನಲ್ಲೇ ಸರ್ಕಾರದ ಸಮಗ್ರ ಯುದ್ಧ ಸಂಶೋಧನಾ ಸಂಸ್ಥೆಯ ಯುವ ಅಧಿಕಾರಿಗಳು ಅಂಕಿಅಂಶ ಇಟ್ಟುಕೊಂಡು ಅಮೆರಿಕದೊಂದಿಗಿನ ಯುದ್ಧವನ್ನು ಅಣಕು ಆಡಿ, ಜಪಾನ್ ಸೋಲುತ್ತದೆ ಎಂದು ಮಂತ್ರಿಗಳ ಮುಂದೆ ವರದಿ ಒಪ್ಪಿಸಿದ್ದರು. ತೋಜೊ ಅದನ್ನು ಕೇಳಿಸಿಕೊಂಡಿದ್ದರು.

ನಮ್ಮ ಓದುಗರಿಗೆ ಬೇಕಾದ ಒಂದು ಮಾತು. 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನ್ ನೋಡಿ ಬಂದ ಕಾಲದಿಂದ ನಮ್ಮಲ್ಲಿ ಆ ದೇಶದ ಬಗ್ಗೆ ಮೆಚ್ಚುಗೆಯಿದೆ, ಸುಭಾಷರ ಕಾರಣದಿಂದ ಅಭಿಮಾನವೂ ಇದೆ. ಯುದ್ಧದ ನಂತರ ಜಪಾನೀ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯಲ್ಲಿ ನಮ್ಮ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಎಲ್ಲ ಆರೋಪಿಗಳನ್ನೂ ದೋಷಮುಕ್ತರೆಂದು ಬರೆದದ್ದನ್ನು ಹಿಡಿದು 'ಜಪಾನ್ ನಿರಪರಾಧಿ ಎಂದು ಭಾರತ ಹೇಳಿತು' ಎನ್ನುವವರಿದ್ದಾರೆ. ಪಾಲ್ ಪ್ರಶ್ನಿಸಿದ್ದು ಗೆದ್ದವರು ನಡೆಸುವ ನ್ಯಾಯಾಲಯದ ಕಾನೂನುಬದ್ಧತೆಯನ್ನು ಮತ್ತು ಸಂಚಿನ ಆರೋಪವನ್ನು. ಜಪಾನೀ ಪಡೆಗಳ ಕ್ರೌರ್ಯ ನಡೆಯಲಿಲ್ಲ ಎಂದು ಅವರು ಬರೆಯಲಿಲ್ಲ. 1942ರಿಂದ 1945ರವರೆಗೆ ಅಂಡಮಾನ್ ಜಪಾನಿನ ವಶದಲ್ಲಿತ್ತು. 1944ರ ಜನವರಿ 30ರಂದು ಹಮ್‌ಫ್ರೀಗಂಜ್‌ನಲ್ಲಿ 44 ಭಾರತೀಯರನ್ನು ಗೂಢಚಾರರೆಂದು ಗುಂಡಿಕ್ಕಿ ಕೊಂದರು. ಆಜಾದ್ ಹಿಂದ್ ಪಾಠದ ಪಕ್ಕದಲ್ಲೇ ಇದಕ್ಕೂ ಎರಡು ಸಾಲು ಕೊಡಿ.

ದಿನಾಂಕದಲ್ಲಿ ಸಣ್ಣದೊಂದು ತಿದ್ದುಪಡಿ: ಪರ್ಲ್ ಹಾರ್ಬರ್ ದಾಳಿ ಹವಾಯಿಯ ಲೆಕ್ಕದಲ್ಲಿ ಡಿಸೆಂಬರ್ 7, ಜಪಾನಿನ ಲೆಕ್ಕದಲ್ಲಿ ಡಿಸೆಂಬರ್ 8. ಎರಡನ್ನೂ ಸರಿ ಎಂದು ಒಪ್ಪಿಕೊಳ್ಳಿ, ಅಂಕ ಕತ್ತರಿಸಬೇಡಿ.

ಪ್ರಶ್ನೆಪತ್ರಿಕೆಯವರಲ್ಲಿ ನಮ್ಮ ಕೋರಿಕೆ ಇಷ್ಟು. 'ತೋಜೊ ಕುರಿತು ಟಿಪ್ಪಣಿ ಬರೆಯಿರಿ' ಎಂಬ ಎರಡು ಅಂಕದ ಪ್ರಶ್ನೆ ತೆಗೆದುಹಾಕಿ. ಬದಲಿಗೆ ಹೀಗೆ ಕೇಳಬಹುದು: '1912, 1937 ಮತ್ತು 1940ರಲ್ಲಿ ಜಪಾನಿನ ಭೂಸೇನೆ ಒಂದೇ ನಿಯಮವನ್ನು ಹೇಗೆ ಬಳಸಿತು? ಈ ಮೂರರಲ್ಲಿ ಯಾವುದರ ನಂತರ ನಿಯಮ ಬದಲಾಯಿತು, ಏಕೆ?' ಐದು ಅಂಕ. ಮೂರು ಘಟನೆಗೆ ಒಂದೊಂದು, 1913ರ ತಿದ್ದುಪಡಿಗೆ ಒಂದು, ಬೀದಿಗಿಳಿದ ಜನರನ್ನು ನೆನೆದವರಿಗೆ ಇನ್ನೊಂದು. 1937ರ ಘಟನೆ ಬರೆಯುವಾಗ ಉಗಾಕಿಯನ್ನು ನಾಗರಿಕ ರಾಜಕಾರಣಿ ಎಂದವರಿಗೆ ಆ ಅಂಕವಿಲ್ಲ. ಉತ್ತರದಲ್ಲಿ 'ಉಗ್ರ ರಾಷ್ಟ್ರೀಯತೆ' ಎಂಬ ಪದ ಎಷ್ಟು ಸಲ ಬಂದರೂ ಅದಕ್ಕಾಗಿ ಅಂಕ ಬೇಡ.

ಇಂತಿ,
ವಿಶ್ವ ಇತಿಹಾಸ ಪಾಠ ಮಾಡುವ ಕೆಲವರು